ತಾತನ ಲೇತ್ ಯಾವ ಊರಿನದು?

ಪ್ರಶ್ನೆ: ಬಂಗಾರಪೇಟೆಯಲ್ಲಿ ನಮ್ಮ ತಾತನ ಶೆಡ್ಡಿನಲ್ಲಿ ಒಂದು ಹಳೇ ಲೇತ್ (ಲೋಹದ ತುಂಡನ್ನು ತಿರುಗಿಸಿ ಕಟ್ ಮಾಡುವ ಮೆಷೀನು) ಇದೆ. ತಾತ ಕೆಜಿಎಫ್ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರು. ಇಂಗ್ಲಿಷ್ ಕಂಪನಿ ಬಿಟ್ಟುಹೋದ ಹೊತ್ತಿಗೆ ಹರಾಜಿನಲ್ಲಿ ಕೊಂಡಿದ್ದು, 1880ರ ಇಂಗ್ಲೆಂಡ್ ಮೆಷೀನು ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಹೆಡ್‌ಸ್ಟಾಕ್ (ತಿರುಗುವ ಅಚ್ಚು, ಅಂದರೆ ಸ್ಪಿಂಡಲ್, ಇರುವ ಎಡಗಡೆ ಭಾಗ) ಮೇಲೆ ಹೆಸರಿನ ಪ್ಲೇಟ್ ಇಲ್ಲ, ನಾಲ್ಕು ತೂತು ಮಾತ್ರ ಇವೆ. ಕಾಲಿನ ಮೇಲೆ ಒಂದು ಹಿತ್ತಾಳೆ ತಗಡಿದೆ, ಅದರಲ್ಲಿ ‘ಕವೆಂಟ್ರಿ’ ಅಂತಷ್ಟೇ ಓದಬಹುದು. ಬೆಡ್, ಅಂದರೆ ಎಲ್ಲವನ್ನೂ ಹೊತ್ತ ಉದ್ದನೆಯ ತಳ, ನಾಲ್ಕಡಿ. ಬೆಡ್ಡಿನಿಂದ ಸೆಂಟರಿಗೆ ನಾಲ್ಕು ಇಂಚು ಐದು ಸೂತು (ಒಂದು ಸೂತು ಅಂದರೆ ಇಂಚಿನ ಎಂಟನೇ ಒಂದು ಭಾಗ). ಬೆಡ್ ಮೇಲೆ ಮೂರು ‘ವಿ’, ಒಂದು ಚಪ್ಪಟೆ ದಾರಿ. ಚಕ್ (ಕೆಲಸದ ತುಂಡನ್ನು ಹಿಡಿಯುವ ಭಾಗ) ಕೂರುವ ಥ್ರೆಡ್ ಒಂದೂವರೆ ಇಂಚು, 8 ಟಿಪಿಐ, ಅಂದರೆ ಇಂಚಿಗೆ 8 ಸುತ್ತು. ಲೀಡ್ ಸ್ಕ್ರೂ (ಥ್ರೆಡ್ ಕೊರೆಯುವಾಗ ಟೂಲನ್ನು ಸರಿಸುವ ಉದ್ದನೆಯ ಸ್ಕ್ರೂ) ಕೂಡ 8 ಟಿಪಿಐ. ಚಪ್ಪಟೆ ಬೆಲ್ಟಿನ ಮೂರು ಮೆಟ್ಟಿಲ ಪುಲ್ಲಿ ಇದೆ, ಆದರೆ ಅದಕ್ಕೂ ಮೋಟಾರಿಗೂ ನಡುವೆ ತಾತ ಜೀಪಿನ ಗೇರ್‌ಬಾಕ್ಸ್ ಕೂರಿಸಿದ್ದಾರೆ! ಮೋಟಾರಿನ ಪ್ಲೇಟ್‌ನಲ್ಲಿ 25 ಸೈಕಲ್ (ಈಗಿನ ಮಾತಿನಲ್ಲಿ ಹರ್ಟ್ಸ್), 720 ಆರ್‌ಪಿಎಂ ಅಂತಿದೆ. ಟಾಪ್ ಗೇರಿನಲ್ಲಿ ಸ್ವಲ್ಪ ದಪ್ಪ ಕಟ್ ಕೊಟ್ಟರೂ ಮೋಟಾರ್ ನಿಂತುಹೋಗುತ್ತದೆ. ಮರದ ಪೆಟ್ಟಿಗೆಯಲ್ಲಿ ಒಂದಷ್ಟು ಗೇರುಗಳಿವೆ. 40 ಹಲ್ಲಿನದರ ಹೊರ ಅಳತೆ 59.2 ಮಿ.ಮೀ. ಇನ್ನೊಂದಕ್ಕೆ 127 ಹಲ್ಲು, ಇದು ಬೇರೆ ಯಾವುದೋ ಮೆಷೀನಿನದ್ದು ಅನ್ನಿಸುತ್ತದೆ. ಕಾಲಿನ ಬೋಲ್ಟ್‌ಗಳಲ್ಲಿ ಒಂದು ಅರ್ಧ ಇಂಚಿನ ಬೋಲ್ಟ್ ಎರಡು ಮೂರು ಸುತ್ತು ಹೋಗಿ ಬಿಗಿಯಾಗುತ್ತದೆ. ಟೂಲನ್ನು ಅಡ್ಡಕ್ಕೆ ಸರಿಸುವ ಕ್ರಾಸ್ ಸ್ಲೈಡಿನ ಡಯಲ್ಲಿನಲ್ಲಿ 125 ಗೆರೆ. ಲೇತಿನ ಹಿಂದಿನ ಗೋಡೆಯಲ್ಲಿ ತಾತನ ಕೈಬರಹದಲ್ಲಿ 25–20, 50–40, 75–60, 100–80, 125–100 ಅಂತ ಪೇಂಟಿನಲ್ಲಿ ಬರೆದಿದೆ, ಯಾರಿಗೂ ಅರ್ಥ ಗೊತ್ತಿಲ್ಲ. ಇದು ಯಾವ ಕಂಪನಿಯದು, ಯಾವ ವರ್ಷದ್ದು? ಸ್ಪಿಂಡಲ್‌ಗೆ ಬೇರಿಂಗೇ ಇಲ್ಲ, ಹೆಡ್‌ಸ್ಟಾಕ್ ಬೋರ್ ಮಾಡಿಸಿ ಬಾಲ್ ಬೇರಿಂಗ್ ಹಾಕಿಸಿ ಅಂತ ಒಬ್ಬ ಮೆಕ್ಯಾನಿಕ್ ಹೇಳುತ್ತಿದ್ದಾನೆ. ಹಾಕಿಸಲಾ?

ಉತ್ತರ: ಮೊದಲು ಕೊನೆಯ ಪ್ರಶ್ನೆಗೆ. ಹಾಕಿಸಬೇಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಆ ಮೆಕ್ಯಾನಿಕ್ ಇವತ್ತೇ ಬರುತ್ತೇನೆ ಅಂದಿದ್ದರೆ ಫೋನ್ ಮಾಡಿ ಬೇಡ ಅಂದುಬಿಡಿ.

ಈಗ ಲೇತಿನ ವಿಷಯ. ನೀವು ತುಂಬಾ ಚೆನ್ನಾಗಿ ಅಳತೆ ತೆಗೆದಿದ್ದೀರಿ. ಸಾಮಾನ್ಯವಾಗಿ ನನಗೆ ಬರುವ ಪತ್ರಗಳಲ್ಲಿ ಹಸಿರು ಬಣ್ಣದ ಒಂದು ಫೋಟೋ, ‘ಇದು ಯಾವುದು ಸಾರ್?’ ಅನ್ನುವ ಒಂದು ಸಾಲು ಅಷ್ಟೇ ಇರುತ್ತದೆ. ಬಣ್ಣ ನೋಡಿ ಲೇತ್ ಗುರುತಿಸುವುದು ಅಂದರೆ ಅಂಗಿ ನೋಡಿ ಮನುಷ್ಯನ ಊರು ಹೇಳಿದ ಹಾಗೆ.

ಎಪ್ಪತ್ತು ಎಂಬತ್ತು ವರ್ಷ ದುಡಿದ ಮೆಷೀನಿನಲ್ಲಿ ಕೆಲವು ಭಾಗ ಬದಲಾಗುತ್ತಲೇ ಇರುತ್ತವೆ. ಮೋಟಾರ್, ಬಣ್ಣ, ಹ್ಯಾಂಡಲ್, ಬೋಲ್ಟ್, ಕಾಲು, ಹೆಸರಿನ ಪ್ಲೇಟ್ ಎಲ್ಲ ಆ ಗುಂಪಿಗೆ ಸೇರಿದವು. ಕೆಲವು ಬದಲಾಗುವುದೇ ಇಲ್ಲ, ಅವನ್ನು ಬದಲಾಯಿಸುವ ಖರ್ಚಿನಲ್ಲಿ ಬೇರೆ ಲೇತೇ ಬರುತ್ತದೆ. ಬೆಡ್, ಹೆಡ್‌ಸ್ಟಾಕಿನ ಎರಕ, ಸ್ಪಿಂಡಲ್, ಬೀಡು ಕಬ್ಬಿಣದಲ್ಲಿ ಮೊದಲೇ ಹಾಕಿದ ತೂತುಗಳು, ಇವು ಹಾಗೆಯೇ ಉಳಿಯುತ್ತವೆ. ಹುಟ್ಟೂರು ಬೇಕಾದರೆ ಈ ಎರಡನೇ ಗುಂಪನ್ನು ಮಾತ್ರ ಕೇಳಬೇಕು. ಮೊದಲನೇ ಗುಂಪು ಹೇಳುವುದು ಮೆಷೀನು ಆಮೇಲೆ ಎಲ್ಲೆಲ್ಲಿ ಬಾಳಿತು ಅನ್ನುವುದನ್ನು. ನಿಮ್ಮ ಮನೆಯಲ್ಲಿ ಆಗಿರುವುದು ಈ ಎರಡರ ಕಲಬೆರಕೆ. ಮೋಟಾರಿನ ಕಥೆಯನ್ನು, ಕಾಲಿನ ಮೇಲಿನ ತಗಡಿನ ಕಥೆಯನ್ನು ಲೇತಿನ ಕಥೆ ಅಂದುಕೊಂಡುಬಿಟ್ಟಿದ್ದೀರಿ.

ಬೆಡ್ ನೋಡೋಣ. ಹಳೇ ಇಂಗ್ಲಿಷ್ ಲೇತ್‌ಗಳಲ್ಲಿ, ಅದರಲ್ಲೂ ಚಿಕ್ಕ ಸೈಜಿನವುಗಳಲ್ಲಿ, ಬೆಡ್ ಮೇಲ್ಭಾಗ ಚಪ್ಪಟೆ ಇರುವುದು ವಾಡಿಕೆ. ಮೇಲಕ್ಕೆ ಎದ್ದ ‘ವಿ’ ಏಣುಗಳ ಮೇಲೆ ಸ್ಯಾಡಲ್ (ಟೂಲ್ ಹೊತ್ತು ಓಡುವ ಭಾಗ) ಓಡಿಸುವುದು ಅಮೆರಿಕದವರ ಪದ್ಧತಿ. ಇಂಗ್ಲೆಂಡಿನವರೂ ಆಮೇಲೆ ‘ವಿ’ ಬೆಡ್ ಮಾಡಿದರು, ಹಾಗಾಗಿ ಇದೊಂದರಿಂದಲೇ ತೀರ್ಪು ಕೊಡಲಾಗುವುದಿಲ್ಲ. ಆದರೆ ಮೂರು ‘ವಿ’, ಒಂದು ಚಪ್ಪಟೆ ದಾರಿ, ಹೊರಗಿನ ಎರಡು ‘ವಿ’ ಮೇಲೆ ಸ್ಯಾಡಲ್, ಒಳಗಿನ ‘ವಿ’ ಮತ್ತು ಚಪ್ಪಟೆ ದಾರಿ ಮೇಲೆ ಹೆಡ್‌ಸ್ಟಾಕ್ ಮತ್ತು ಬಲಗಡೆ ತುದಿಯ ಆಧಾರವಾದ ಟೇಲ್‌ಸ್ಟಾಕ್: ಈ ಜೋಡಣೆ ನೋಡಿದ ಕೂಡಲೇ ನನ್ನ ಮನಸ್ಸಿಗೆ ಬಂದ ಹೆಸರು ಸೌತ್ ಬೆಂಡ್. ಅಮೆರಿಕದ ಇಂಡಿಯಾನಾ ರಾಜ್ಯದ ಸೌತ್ ಬೆಂಡ್ ಅನ್ನುವ ಊರಿನಲ್ಲಿ ಓಬ್ರಿಯನ್ ಅನ್ನುವ ಅವಳಿ ಸಹೋದರರು 1906ರಲ್ಲಿ ಶುರು ಮಾಡಿದ ಕಂಪನಿ. ಊರಿನ ಹೆಸರೇ ಕಂಪನಿಗೆ.

ಅಳತೆಗಳೂ ಅಲ್ಲಿಗೇ ಕರೆದೊಯ್ಯುತ್ತವೆ. ಸೆಂಟರ್ ಎತ್ತರ ನಾಲ್ಕು ಇಂಚು ಐದು ಸೂತು ಅಂದರೆ ಬೆಡ್ ಮೇಲೆ ತಿರುಗಿಸಬಹುದಾದ ವ್ಯಾಸ ಒಂಬತ್ತೂಕಾಲು ಇಂಚು. ಸೌತ್ ಬೆಂಡ್‌ನ 9 ಇಂಚಿನ ವರ್ಕ್‌ಶಾಪ್ ಲೇತಿನ ನಿಜವಾದ ಸೈಜು ಅದೇ. ಅದರ ಸ್ಪಿಂಡಲ್ ಮೂತಿ ಒಂದೂವರೆ ಇಂಚು, 8 ಟಿಪಿಐ. ಲೀಡ್ ಸ್ಕ್ರೂ ಮುಕ್ಕಾಲು ಇಂಚು ದಪ್ಪ, 8 ಟಿಪಿಐ. ಬೆಡ್ ಮೂರಡಿಯಿಂದ ನಾಲ್ಕೂವರೆ ಅಡಿವರೆಗೆ ಅರ್ಧರ್ಧ ಅಡಿ ಹೆಚ್ಚಾಗುತ್ತಾ ಬರುತ್ತಿತ್ತು, ನಿಮ್ಮ ನಾಲ್ಕಡಿ ಅದರಲ್ಲೊಂದು. ನಡುವೆ ಒಂದು ಮಾತು. ನೀವು ಇಂಗ್ಲಿಷ್ ಪಟ್ಟಿಗಳಲ್ಲಿ ಹುಡುಕಿ ಸೋತಿದ್ದರೆ ಕಾರಣ ಇದಿರಬಹುದು: ಇಂಗ್ಲೆಂಡಿನವರು ಲೇತಿನ ಸೈಜನ್ನು ಸೆಂಟರ್ ಎತ್ತರದಿಂದ ಹೇಳುತ್ತಾರೆ, ಅಮೆರಿಕದವರು ಪೂರ್ತಿ ವ್ಯಾಸದಿಂದ. ಅಮೆರಿಕದವರ ಒಂಬತ್ತು ಇಂಚು ಇಂಗ್ಲೆಂಡಿನವರ ನಾಲ್ಕೂವರೆ ಇಂಚು. ನಮ್ಮ ವರ್ಕ್‌ಶಾಪಿನವರು ಇಬ್ಬರನ್ನೂ ಬಿಟ್ಟು ‘ನಾಲ್ಕಡಿ ಲೇತ್, ಆರಡಿ ಲೇತ್’ ಅಂತ ಬೆಡ್ಡಿನ ಉದ್ದದಲ್ಲೇ ಮಾತಾಡುತ್ತಾರೆ.

ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟಿದ್ದು ಆ 40 ಹಲ್ಲಿನ ಗೇರು. ಗೇರು ಗುರುತಿಸುವ ಲೆಕ್ಕ ಸುಲಭ. ಇಂಚಿನ ಪದ್ಧತಿಯಲ್ಲಿ ಹಲ್ಲಿನ ಸಂಖ್ಯೆಗೆ ಎರಡು ಕೂಡಿಸಿ, ಡಿಪಿಯಿಂದ, ಅಂದರೆ ಡಯಾಮೆಟ್ರಲ್ ಪಿಚ್ ಅನ್ನುವ ಹಲ್ಲಿನ ಅಳತೆಯಿಂದ ಭಾಗಿಸಿದರೆ ಹೊರ ವ್ಯಾಸ ಇಂಚಿನಲ್ಲಿ ಬರುತ್ತದೆ. 40ಕ್ಕೆ 2 ಕೂಡಿಸಿದರೆ 42. ಅದನ್ನು 20ರಿಂದ ಭಾಗಿಸಿದರೆ 2.1 ಇಂಚು, ಅಂದರೆ 53.3 ಮಿ.ಮೀ. ಇಂಗ್ಲೆಂಡಿನ ಮೈಫರ್ಡ್ ಲೇತಿನ ಗೇರಾಗಿದ್ದರೆ ಹಾಗೆ ಬರಬೇಕಿತ್ತು. 18ರಿಂದ ಭಾಗಿಸಿ ನೋಡಿ, 2.333 ಇಂಚು, 59.27 ಮಿ.ಮೀ. ನಿಮ್ಮ ವರ್ನಿಯರ್ ತೋರಿಸಿದ್ದು 59.2. ಅಷ್ಟು ವರ್ಷದ ಸವೆತಕ್ಕೆ ಆ 0.07 ಮಿ.ಮೀ. ಬಿಟ್ಟುಬಿಡೋಣ. ಮೆಟ್ರಿಕ್ ಗೇರಿನ ಅಳತೆಯಾದ ಮಾಡ್ಯೂಲ್ ಒಂದೂವರೆ ಆಗಿದ್ದರೆ 63 ಮಿ.ಮೀ. ಬರುತ್ತಿತ್ತು. ಸೌತ್ ಬೆಂಡ್ 9 ಇಂಚಿನ ಲೇತಿನ ಗೇರುಗಳು 18 ಡಿಪಿ. ಪುಲ್ಲಿಯ ಮೂರು ಮೆಟ್ಟಿಲೂ ತಾಳೆಯಾಗುತ್ತದೆ.

ಅಲ್ಲಿಗೆ 1880 ಅನ್ನುವುದು ಬಿದ್ದುಹೋಯಿತು. ಕಂಪನಿ ಹುಟ್ಟಿದ್ದೇ 1906ರಲ್ಲಿ, ಈ ಮಾದರಿ ಬಂದಿದ್ದು 1930ರ ದಶಕದಲ್ಲಿ. ಮನೆಯವರಿಗೆ ಬೇಜಾರಾದೀತು. ಆದರೆ 1880 ಅನ್ನುವ ಇಸವಿ ನಿಮ್ಮ ಮನೆಗೆ ಎಲ್ಲಿಂದ ಬಂತು ಅಂತ ಊಹಿಸಬಹುದು. ಕೋಲಾರದ ಗಣಿಗಳನ್ನು ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೈಗೆ ತೆಗೆದುಕೊಂಡಿದ್ದು 1880ರ ಹೊತ್ತಿಗೆ. ‘ಕಂಪನಿ ಕಾಲದ್ದು’ ಅಂತ ತಾತ ಅಂದಿರುತ್ತಾರೆ, ಕೇಳಿದವರು ಕಂಪನಿ ಶುರುವಾದ ವರ್ಷವನ್ನೇ ಲೇತಿಗೆ ಅಂಟಿಸಿದ್ದಾರೆ. ಆ ಕಂಪನಿಯಿಂದ ಗಣಿಗಳು ಮೈಸೂರು ಸರ್ಕಾರದ ಕೈಗೆ ಬಂದಿದ್ದು 1956ರಲ್ಲಿ. ಹರಾಜು ಆ ಸುಮಾರಿಗೆ ಅಂದರೆ ಕಾಲ ಹೊಂದುತ್ತದೆ. ಗಣಿಯಲ್ಲಿ ಇಂಗ್ಲಿಷ್ ಮೆಷೀನೇ ಇರಬೇಕು ಅಂತೇನೂ ಇಲ್ಲವಲ್ಲ.

ಕವೆಂಟ್ರಿ ತಗಡಿನ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಅದು ಕಾಲಿನ ಮೇಲಿದೆ, ಹೆಡ್‌ಸ್ಟಾಕ್ ಮೇಲಲ್ಲ. ಇಂಗ್ಲೆಂಡಿನ ಕವೆಂಟ್ರಿ ಊರಿನಲ್ಲಿ ಆಲ್ಫ್ರೆಡ್ ಹರ್ಬರ್ಟ್ ಅನ್ನುವ ದೊಡ್ಡ ಕಂಪನಿ ಇತ್ತು. ತಾವೇ ಟರೆಟ್ ಲೇತ್ ಮಾಡುತ್ತಿದ್ದರು, ಜೊತೆಗೆ ಬೇರೆಯವರ ಮೆಷೀನುಗಳನ್ನೂ, ಅಮೆರಿಕದವುಗಳನ್ನೂ, ಏಜೆಂಟರಾಗಿ ಮಾರುತ್ತಿದ್ದರು. ಏಜೆಂಟರ ಪ್ಲೇಟ್ ಆಗಿರಬಹುದು. ಇಲ್ಲಾ ಆ ಕಾಲೇ ಬೇರೆ ಮೆಷೀನಿನದ್ದಾಗಿರಬಹುದು. ನೀವು ಕಳಿಸಿದ ಫೋಟೋದಲ್ಲಿ ಬಲಗಡೆ ಕಾಲಿಗೂ ಎಡಗಡೆ ಕಾಲಿಗೂ ಆಕಾರ ಬೇರೆ ಬೇರೆ ಇದೆ, ನೋಡಿದಿರಾ? ಪ್ಲೇಟ್ ನಂಬಿ ನಾನೇ ಒಮ್ಮೆ ಚೆನ್ನಾಗಿ ಏಮಾರಿದ್ದೇನೆ. ಪೀಣ್ಯದ ಕಡೆ ಒಂದು ಶೇಪಿಂಗ್ ಮೆಷೀನು, ಮೇಲೆ ಫಳಫಳ ಹೊಳೆಯುವ ‘ಮೇಡ್ ಇನ್ ಇಂಗ್ಲೆಂಡ್’ ಪ್ಲೇಟ್. ದುಡ್ಡು ಕೊಟ್ಟು ಮನೆಗೆ ತಂದು ಬಿಚ್ಚಿದರೆ ಒಳಗೆ ಎಲ್ಲ ಮೆಟ್ರಿಕ್ ಸ್ಕ್ರೂ, ಎರಕದಲ್ಲಿ ಮರಳಿನ ತೂತು, ಪ್ಲೇಟ್ ಮಾತ್ರ ಪಕ್ಕಾ ಇಂಗ್ಲೆಂಡಿನದು. ಮಾರಿದವನನ್ನು ಬೈದು ಪ್ರಯೋಜನ ಇಲ್ಲ, ನಾನು ಪ್ಲೇಟ್ ಕೊಂಡೆ, ಅವನು ಪ್ಲೇಟ್ ಮಾರಿದ.

ಅಂದ ಹಾಗೆ, ನಿಮ್ಮದೂ ನಕಲು ಆಗಿರಬಹುದಲ್ವಾ? ಆಗಿರಬಹುದು. ಸೌತ್ ಬೆಂಡ್ 9 ಇಂಚಿನ ಲೇತನ್ನು ಎಷ್ಟೋ ದೇಶಗಳಲ್ಲಿ ನಕಲು ಮಾಡಿದರು. ಆಸ್ಟ್ರೇಲಿಯಾದ ಹರ್ಕಸ್ ಅಂತೂ ಒಳ್ಳೆಯ ಹೆಸರು ಮಾಡಿದ ಲೇತ್. ನಮ್ಮಲ್ಲೂ ಬಟಾಲಾ, ಲುಧಿಯಾನಾ, ರಾಜಕೋಟ್ ಕಡೆ ಲೇತ್ ಎರಕ ಹೊಯ್ಯುವುದು ದೊಡ್ಡ ಕಸುಬು. ಅಸಲಿ ಯಾವುದು ನಕಲು ಯಾವುದು ಅಂತ ಹೇಳಲು ನಿಮ್ಮ ಪತ್ರದಲ್ಲೇ ಒಂದು ಸಾಕ್ಷಿ ಇದೆ, ನೀವು ಅದನ್ನು ಸುಮ್ನೆ ಒಂದು ದೂರು ಅಂತ ಬರೆದಿದ್ದೀರಿ: ಎರಡು ಮೂರು ಸುತ್ತು ಹೋಗಿ ಬಿಗಿಯಾಗುವ ಆ ಅರ್ಧ ಇಂಚಿನ ಬೋಲ್ಟ್.

ಇಂಗ್ಲೆಂಡಿನ ವಿಟ್‌ವರ್ತ್ ಥ್ರೆಡ್ 1841ರದ್ದು, 55 ಡಿಗ್ರಿ ಕೋನ. ಅಮೆರಿಕದ ಸೆಲ್ಲರ್ಸ್ ಥ್ರೆಡ್ 1864ರದ್ದು, 60 ಡಿಗ್ರಿ. ಇವತ್ತಿನ ಯುಎನ್‌ಸಿ ಅದರ ಸಂತಾನ. ಕಾಲು ಇಂಚಿನಿಂದ ಒಂದು ಇಂಚಿನವರೆಗೆ ನಮ್ಮ ಕೈಗೆ ದಿನಾ ಸಿಗುವ ಸೈಜುಗಳಲ್ಲಿ ಎರಡಕ್ಕೂ ಇಂಚಿಗೆ ಇರುವ ಸುತ್ತು ಒಂದೇ. ಮೂರು ಸೂತಿಗೆ 16, ಐದು ಸೂತಿಗೆ 11, ಮುಕ್ಕಾಲಿಗೆ 10, ಎರಡರಲ್ಲೂ ಅದೇ. ಹಾಗಾಗಿ ಒಂದರ ಬೋಲ್ಟ್ ಇನ್ನೊಂದರ ತೂತಿಗೆ ಹೋಗಿಬಿಡುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಅರ್ಧ ಇಂಚಿನಲ್ಲಿ ಮಾತ್ರ ದಾರಿ ಬೇರೆ. ವಿಟ್‌ವರ್ತ್‌ಗೆ 12, ಅಮೆರಿಕದ್ದಕ್ಕೆ 13. 12ರ ಬೋಲ್ಟನ್ನು 13ರ ತೂತಿಗೆ ಹಾಕಿದರೆ ಏನಾಗುತ್ತದೆ? ಎರಡು ಮೂರು ಸುತ್ತು ಹೋಗಿ ಗಪ್ಪನೆ ಹಿಡಿಯುತ್ತದೆ. ನೀವು ಬರೆದ ಹಾಗೇ.

ಬೋಲ್ಟ್ ಯಾರು ಬೇಕಾದರೂ ಹಾಕಿರುತ್ತಾರೆ. ಕೋಲಾರದಲ್ಲಿ ಆಗ ಸಿಗುತ್ತಿದ್ದುದು ವಿಟ್‌ವರ್ತ್ ಬೋಲ್ಟೇ. ಅದಕ್ಕೇ ಬೋಲ್ಟ್ ಬಿಟ್ಟು ತೂತು ನೋಡಿ. ಬೆಂಗಳೂರಿಗೆ ಬಂದಾಗ ಎಸ್.ಪಿ. ರೋಡಿನ ಬೋಲ್ಟ್ ಅಂಗಡಿಯಲ್ಲಿ ‘ಹಾಫ್ ಇಂಚ್ ಯುಎನ್‌ಸಿ’ ಅಂತ ಕೇಳಿ ಒಂದೇ ಒಂದು ಬೋಲ್ಟ್ ತಗೊಳ್ಳಿ. ತೂತನ್ನು ಸೀಮೆಎಣ್ಣೆಯಲ್ಲಿ ತೊಳೆದು, ಸ್ಪ್ಯಾನರ್ ಮುಟ್ಟದೆ ಬೆರಳಿನಲ್ಲೇ ತಿರುಗಿಸಿ. ತಳದವರೆಗೆ ಸಲೀಸಾಗಿ ಹೋದರೆ ಆ ತೂತು ಅಮೆರಿಕದ ಟ್ಯಾಪಿನದು (ಟ್ಯಾಪ್ ಅಂದರೆ ತೂತಿನೊಳಗೆ ಥ್ರೆಡ್ ಕೊರೆಯುವ ಉಪಕರಣ). ವಿಟ್‌ವರ್ತ್ ನಡೆಯುತ್ತಿದ್ದ ದೇಶದಲ್ಲಿ ನಕಲು ಮಾಡಿದವನು ತನ್ನ ಹತ್ತಿರ ಇದ್ದ ಟ್ಯಾಪನ್ನೇ ಹಾಕಿರುತ್ತಾನೆ. ಒಂದು ಎಚ್ಚರಿಕೆ ಬೇಕು. ತೂತು ಮೂಲದ್ದೋ, ಆಮೇಲೆ ಯಾರೋ ಕೊರೆದಿದ್ದೋ ಅಂತ ಮೊದಲು ನೋಡಿಕೊಳ್ಳಿ. ಕಾರ್ಖಾನೆಯವರು ತೂತು ಹಾಕುವ ಕಡೆ ಎರಕದಲ್ಲೇ ಸ್ವಲ್ಪ ಉಬ್ಬು ಬಿಟ್ಟು, ಅದರ ಮುಖವನ್ನು ಮೆಷೀನಿನಲ್ಲಿ ಸಮ ಮಾಡಿರುತ್ತಾರೆ. ಆಮೇಲೆ ಕೊರೆದ ತೂತು ಒರಟು ಬೀಡಿನ ಮೇಲೆ, ಬಣ್ಣದ ಮೇಲೆ, ಎಲ್ಲೆಂದರಲ್ಲಿ ಇರುತ್ತದೆ. ಥ್ರೆಡ್ ಗೇಜ್ ಸಿಕ್ಕಿದರೆ ಸ್ಪಿಂಡಲ್ ಮೂತಿಗೂ ಇಟ್ಟು ಬೆಳಕಿಗೆ ಹಿಡಿಯಿರಿ. ಒಂದೂವರೆ ಇಂಚಿನ 8ರಲ್ಲಿ 60 ಡಿಗ್ರಿ ಗೇಜ್ ಬೆಳಕು ಬಿಡದೆ ಕೂತರೆ ನನಗೆ ಅನುಮಾನ ಉಳಿಯುವುದಿಲ್ಲ.

ಇನ್ನು ಜೀಪ್ ಗೇರ್‌ಬಾಕ್ಸ್ ಮತ್ತು ಮೋಟಾರ್. ನಿಮ್ಮ ಪತ್ರವನ್ನು ನಾನು ಮೂರು ಸಲ ಓದಿದ್ದು ಈ ಭಾಗಕ್ಕಾಗಿ.

25 ಸೈಕಲ್ ಅಂದ ಕೂಡಲೇ ಹಳೇ ಮೈಸೂರಿನ ಯಾವ ಎಲೆಕ್ಟ್ರಿಷಿಯನ್‌ಗೂ ಶಿವನಸಮುದ್ರ ನೆನಪಾಗಬೇಕು. 1902ರಲ್ಲಿ ಅಲ್ಲಿ ಕರೆಂಟ್ ಹುಟ್ಟಿಸಿದ್ದೇ ಕೋಲಾರದ ಗಣಿಗಳಿಗೋಸ್ಕರ, ಸುಮಾರು 147 ಕಿ.ಮೀ. ತಂತಿ ಎಳೆದು. ಬೆಂಗಳೂರಿಗೆ ದೀಪ ಬಂದಿದ್ದೂ ಅದಾದ ಮೂರು ವರ್ಷಕ್ಕೆ. ಆ ಕರೆಂಟ್ ಈಗಿನ 50 ಸೈಕಲ್ ಅಲ್ಲ, 25. ನಾಲ್ಕು ಪೋಲಿನ ಮೋಟಾರ್ 25 ಸೈಕಲ್‌ನಲ್ಲಿ ನಿಮಿಷಕ್ಕೆ 750 ಸುತ್ತಿನ ಲೆಕ್ಕ, ಸ್ಲಿಪ್, ಅಂದರೆ ಹೊರೆ ಎಳೆಯುವಾಗ ಕಮ್ಮಿಯಾಗುವ ಸುತ್ತು, ಕಳೆದರೆ ನಿಮ್ಮ ಪ್ಲೇಟ್‌ನಲ್ಲಿರುವ 720. ಅಂದರೆ ಮೋಟಾರ್ ನಮ್ಮ ನೆಲದ್ದು, ಗಣಿಯಿಂದ ಬಂದಿರುವ ಸಾಧ್ಯತೆ ಚೆನ್ನಾಗಿದೆ. ಮನೆಯವರ ಕಥೆ ಅಷ್ಟರಮಟ್ಟಿಗೆ ನಿಜವೇ ಇರಬಹುದು.

ಆಮೇಲೆ 50 ಸೈಕಲ್ ಬಂತು. ಅದೇ ಮೋಟಾರಿಗೆ ಈ ಕರೆಂಟ್ ಕೊಟ್ಟರೆ ವೇಗ ಎರಡು ಪಟ್ಟು, ಹತ್ತಿರ ಹತ್ತಿರ 1440 ಆಗುತ್ತದೆ. ವೋಲ್ಟೇಜ್ ಅಷ್ಟೇ ಇದ್ದು ಸೈಕಲ್ ಎರಡು ಪಟ್ಟಾದರೆ ಒಳಗಿನ ಅಯಸ್ಕಾಂತದ ಬಲ ಅರ್ಧಕ್ಕೆ ಇಳಿಯುತ್ತದೆ, ಮೋಟಾರ್ ಎಳೆಯಬಲ್ಲ ಗರಿಷ್ಠ ಟಾರ್ಕ್ ಕಾಲು ಭಾಗಕ್ಕೆ ಬಂದು ನಿಲ್ಲುತ್ತದೆ. ಓಟ ಜಾಸ್ತಿ, ಕಸುವು ಕಮ್ಮಿ. ಈಗ ತಾತನ ಜಾಗದಲ್ಲಿ ನಿಂತು ಯೋಚಿಸಿ. ಲೇತ್ ಎರಡು ಪಟ್ಟು ಓಡುತ್ತಿದೆ, ಕಟ್ ಕೊಟ್ಟರೆ ನಿಲ್ಲುತ್ತಿದೆ. ಹೊಸ ಮೋಟಾರಿಗೆ ದುಡ್ಡಿಲ್ಲ. ಗುಜರಿಯಲ್ಲಿ ಮೂರು ಗೇರಿನ ಜೀಪ್ ಗೇರ್‌ಬಾಕ್ಸ್ ಇದೆ. ಅದರ ಮೊದಲ ಗೇರಿನಲ್ಲಿ ವೇಗ ಸುಮಾರು 2.7ರಿಂದ 2.8 ಪಟ್ಟು ಇಳಿಯುತ್ತದೆ, ಎರಡನೆಯದರಲ್ಲಿ ಒಂದೂವರೆ ಪಟ್ಟಿನ ಆಸುಪಾಸು, ಟಾಪ್ ಗೇರ್ ನೇರ. ವೇಗ ಎಷ್ಟು ಪಟ್ಟು ಇಳಿಯುತ್ತದೋ ಎಳೆತ ಅಷ್ಟು ಪಟ್ಟು ಏರುತ್ತದೆ. ಟಾಪ್ ಗೇರಿನಲ್ಲಿ ನಿಂತುಹೋಗುವ ಮೋಟಾರ್ ಮೊದಲ ಗೇರಿನಲ್ಲಿ ಎಳೆಯುತ್ತದೆ. ನಾನು ಸುಮ್ಮನೆ ಶೋಕಿಗೆ ಹಾಕಿಸಿದ ಗೇರ್‌ಬಾಕ್ಸ್‌ಗಳನ್ನೂ ನೋಡಿದ್ದೇನೆ. ಇದು ಅಂಥದ್ದಲ್ಲ ಅಂತ ನನ್ನ ಊಹೆ. ಕರೆಂಟು ಬದಲಾದದ್ದಕ್ಕೆ ಒಬ್ಬ ಫಿಟ್ಟರ್ ಕಂಡುಕೊಂಡ ಉಪಾಯ ಇದು.

ವಿಲ್ಲೀಸ್ ಜೀಪು ಬಂದಿದ್ದೇ ಎರಡನೇ ಮಹಾಯುದ್ಧದ ಹೊತ್ತಿಗೆ, 1941ರಲ್ಲಿ. ಹಾಗಾಗಿ ಈ ಮಾರ್ಪಾಟು ಅದಕ್ಕಿಂತ ಹಿಂದಿನದಂತೂ ಅಲ್ಲ. ಯುದ್ಧದ ವಿಷಯ ಬಂತು ಅಂತ ಹೇಳುತ್ತೇನೆ, ಅಮೆರಿಕದ ಲೇತ್ ಬಂಗಾರಪೇಟೆಗೆ ಬರಲು ಗಣಿಯೊಂದೇ ದಾರಿ ಅಲ್ಲ. ಬೆಂಗಳೂರಿನಲ್ಲಿ 1940ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರುವಾಯಿತು, ಯುದ್ಧದ ನಡುವೆ ಅಮೆರಿಕದ ವಾಯುಪಡೆಯವರು ಅದನ್ನೇ ತಮ್ಮ ವಿಮಾನ ರಿಪೇರಿ ಡಿಪೋ ಮಾಡಿಕೊಂಡಿದ್ದರು. ಯುದ್ಧ ಮುಗಿದ ಮೇಲೆ ಮಿಲಿಟರಿಯ ಹೆಚ್ಚುವರಿ ಸಾಮಾನು ದೇಶದ ತುಂಬಾ ಹರಾಜಾಯಿತು. ನಿಮ್ಮ ಲೇತ್ ಹಾಗೆ ಬಂತು ಅಂತ ನಾನು ಹೇಳುತ್ತಿಲ್ಲ. ಆದರೆ ತೊಳೆಯುವಾಗ ಗುರುತು ಹುಡುಕಿ. ಬೆಂಕಿ ಉರಿಯುವ ಗುಂಡಿನ ಚಿಹ್ನೆ ಇದ್ದರೆ ಅಮೆರಿಕದ ಸೇನೆಯ ಆರ್ಡ್ನೆನ್ಸ್ ವಿಭಾಗ, ಲಂಗರು ಇದ್ದರೆ ಅಲ್ಲಿನ ನೌಕಾಪಡೆ. ಮೂರು ಗೀಟಿನ ಬಾಣದ ಗುರುತು ಬ್ರಿಟಿಷ್ ಸರ್ಕಾರದ ಸೊತ್ತಿನದು. ಇವು ಬೆಡ್ಡಿನ ತುದಿಯಲ್ಲಿ, ಹೆಡ್‌ಸ್ಟಾಕ್ ಮೇಲೆ, ಪಂಚ್‌ನಲ್ಲಿ ಹೊಡೆದ ಬೆರಳುಗುರಿನಷ್ಟು ಚಿಕ್ಕ ಗುರುತುಗಳು. ದಪ್ಪ ಬಣ್ಣದ ಕೆಳಗೆ ಸುಲಭವಾಗಿ ಕಾಣುವುದಿಲ್ಲ.

ಗೇರ್‌ಬಾಕ್ಸ್ ಬಗ್ಗೆ ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಬೇಕು. ಜೀಪಿನ ಗೇರ್‌ಬಾಕ್ಸ್‌ನಲ್ಲಿ ರಿವರ್ಸ್ ಇದೆ. ನಿಮ್ಮ ಚಕ್ ಥ್ರೆಡ್ ಮೇಲೆ ಕೂತಿದೆ. ರಿವರ್ಸ್ ಹಾಕಿ ಕಟ್ ಕೊಟ್ಟರೆ, ಅಥವಾ ಜೋರಾಗಿ ಓಡುತ್ತಿರುವಾಗ ತಟ್ಟನೆ ರಿವರ್ಸಿಗೆ ತಂದರೆ, ಚಕ್ ತಾನೇ ಬಿಚ್ಚಿಕೊಂಡು ಬೀಳುತ್ತದೆ. ಏಳೆಂಟು ಕೆಜಿ ಕಬ್ಬಿಣ ತಿರುಗುತ್ತಾ ಬರುವುದನ್ನು ಕೈಯಲ್ಲಿ ಹಿಡಿಯೋಕಾಗಲ್ಲ. ಗೇರ್ ಲಿವರ್‌ನ ಮೂತಿಯ ಹತ್ತಿರ ಒಂದು ತಗಡು ವೆಲ್ಡ್ ಮಾಡಿದೆ ಅಂತ ಫೋಟೋದಲ್ಲಿ ಕಾಣುತ್ತಿದೆ. ರಿವರ್ಸ್ ಬೀಳದ ಹಾಗೆ ತಾತನೇ ತಡೆ ಹಾಕಿರುವ ಹಾಗಿದೆ. ಅಡ್ಡ ಬರುತ್ತದೆ ಅಂತ ಅದನ್ನು ಕತ್ತರಿಸಬೇಡಿ.

127 ಹಲ್ಲಿನ ಗೇರು ಬೇರೆ ಮೆಷೀನಿನದ್ದಲ್ಲ. ಒಂದು ಇಂಚು ಅಂದರೆ 25.4 ಮಿ.ಮೀ. ಅದನ್ನು ಐದರಿಂದ ಗುಣಿಸಿದರೆ 127. ಇಂಚಿನ ಲೀಡ್ ಸ್ಕ್ರೂ ಇರುವ ಲೇತಿನಲ್ಲಿ ಕರಾರುವಾಕ್ಕಾಗಿ ಮೆಟ್ರಿಕ್ ಥ್ರೆಡ್ ಕೊರೆಯಬೇಕಾದರೆ ಈ ಸಂಖ್ಯೆಯ ಗೇರು ಬೇಕು, ಸಾಮಾನ್ಯವಾಗಿ 100 ಹಲ್ಲಿನದರ ಜೊತೆ. ಅದೂ 18 ಡಿಪಿ ಆಗಿದ್ದರೆ ಹೊರ ಅಳತೆ 182 ಮಿ.ಮೀ. ಬರಬೇಕು, ನೋಡಿ. ಫೋಟೋದಲ್ಲಿ ಉಳಿದ ಗೇರುಗಳ ಮೇಲೆ ಹಲ್ಲಿನ ಸಂಖ್ಯೆ ನೇರವಾಗಿ ಸಾಲಾಗಿ ಇದೆ. ಇದರ ಮೇಲೆ 1, 2, 7 ಮೂರೂ ಒಂದೊಂದು ಕಡೆ ವಾಲಿವೆ, ಕೈಯಲ್ಲಿ ಒಂದೊಂದೇ ಪಂಚ್ ಹೊಡೆದಿದ್ದು. ಇಲ್ಲೇ ಯಾರೋ ಕಟ್ ಮಾಡಿದ ಗೇರು. ನಮ್ಮಲ್ಲಿ ಮೆಟ್ರಿಕ್ ಕಾಯ್ದೆ ಬಂದಿದ್ದು 1956ರಲ್ಲಿ, ಅಂಗಡಿ ಕಾರ್ಖಾನೆಗಳಿಗೆ ಅದು ಇಳಿದಿದ್ದು ಆಮೇಲಿನ ವರ್ಷಗಳಲ್ಲಿ. ಮಿಲಿಮೀಟರ್ ಥ್ರೆಡ್ ಕೇಳುವ ಗಿರಾಕಿ ಬರತೊಡಗಿದ ಮೇಲೆ ಮಾಡಿಸಿಕೊಂಡಿರುತ್ತಾರೆ.

ಸ್ಪಿಂಡಲ್ ವಿಷಯ ಬಾಕಿ ಉಳಿಯಿತು. ‘ಬೇರಿಂಗೇ ಇಲ್ಲ’ ಅಂತ ಮೆಕ್ಯಾನಿಕ್ ಹೇಳಿದ್ದು ಸರಿ. ಆದರೆ ಅದು ಕೊರತೆ ಅಲ್ಲ, ಈ ಲೇತ್ ಇರುವುದೇ ಹಾಗೆ. ಸೌತ್ ಬೆಂಡ್ 9 ಇಂಚಿನಲ್ಲಿ ಗಟ್ಟಿ ಉಕ್ಕಿನ ಸ್ಪಿಂಡಲ್ ನೇರವಾಗಿ ಹೆಡ್‌ಸ್ಟಾಕಿನ ಬೀಡಿನೊಳಗೇ ತಿರುಗುತ್ತದೆ, ನಡುವೆ ಎಣ್ಣೆಯ ಪದರ ಅಷ್ಟೇ. ಎಣ್ಣೆ ಇದ್ದರೆ ಬೀಡು ಬಹಳ ಕಾಲ ಬಾಳುತ್ತದೆ. ಅದನ್ನು ಬೋರ್ ಮಾಡಿಸಿದರೆ ಮೂಲದ ಸೆಂಟರ್ ಲೈನ್ ಶಾಶ್ವತವಾಗಿ ಹೋಯಿತು, ಮತ್ತೆ ತರಲಾಗುವುದಿಲ್ಲ. ಮೊದಲು ಸವೆತ ನೋಡಿ. ಸ್ಪಿಂಡಲ್ ತೂತಿಗೆ ಒಂದು ಗಟ್ಟಿ ರಾಡ್ ಕೂರಿಸಿ, ಚಕ್ ಹತ್ತಿರ ಸ್ಪಿಂಡಲ್ ನೆತ್ತಿಗೆ ಡಯಲ್ ಗೇಜ್ ಮುಟ್ಟಿಸಿ, ರಾಡನ್ನು ಕೈಯಲ್ಲಿ ಮೇಲಕ್ಕೆ ಎತ್ತಿ. ಮುಳ್ಳು ಒಂದು ಥೌ (ಇಂಚಿನ ಸಾವಿರದ ಒಂದು ಭಾಗ) ಒಳಗೆ ಆಡಿದರೆ ಏನೂ ಮಾಡಬೇಡಿ, ತೆಳು ಸ್ಪಿಂಡಲ್ ಆಯಿಲ್ ಹಾಕಿ ಓಡಿಸಿ. ಗ್ರೀಸ್ ಬೇಡವೇ ಬೇಡ.

ಸ್ಪಿಂಡಲ್ ಹೊರಗೆ ತೆಗೆಯಲೇಬೇಕಾಗಿ ಬಂದರೆ ನಿಧಾನ. ಕೆಳಗಿನ ಎಣ್ಣೆ ಗುಂಡಿಯಿಂದ ಎಣ್ಣೆಯನ್ನು ಮೇಲಕ್ಕೆ ಹೀರಿಕೊಡಲು ಉಣ್ಣೆಯ ಬತ್ತಿ ಇರುತ್ತದೆ, ಅದನ್ನು ಸ್ಪ್ರಿಂಗ್ ಮೇಲಕ್ಕೆ ಒತ್ತಿ ಹಿಡಿದಿರುತ್ತದೆ. ಬತ್ತಿಯನ್ನು ಕೆಳಗೆ ಅದುಮಿ ಒಂದು ತಂತಿಯಲ್ಲಿ ತಡೆದುಕೊಳ್ಳದೆ ಸ್ಪಿಂಡಲ್ ಎಳೆದರೆ ಬತ್ತಿ ಚಿಮ್ಮಿ ನಡುವೆ ಸಿಕ್ಕಿ ಹರಿಯುತ್ತದೆ. ಜೋಡಿಸುವಾಗಲೂ ಹಾಗೇ. ಈ ಬತ್ತಿ ಇರುವುದೂ ಮೂಲ ಗುರುತಿಸಲು ಒಂದು ಸುಳಿವು.

ಬೆಲೆ ನೀವು ಕೇಳಲಿಲ್ಲ, ಒಳ್ಳೆಯದಾಯಿತು. ಮೊದಲು ಯಾವುದು ಅಂತ ಗೊತ್ತಾಗಲಿ. ಗುಜರಿಯವರು ಕೆಜಿ ಲೆಕ್ಕ ಹಾಕುತ್ತಿದ್ದರೆ ಅಂಗಳದಿಂದಲೇ ಕಳಿಸಿ.

ಇನ್ನು ಗೋಡೆಯ ಮೇಲಿನ ಬರಹ. ನಿಮ್ಮ ಕ್ರಾಸ್ ಸ್ಲೈಡಿನ ಹ್ಯಾಂಡಲ್ ಒಂದು ಸುತ್ತು ತಿರುಗಿಸಿ, ಸ್ಲೈಡ್ ಎಷ್ಟು ಸರಿಯಿತು ಅಂತ ಡಯಲ್ ಗೇಜಿನಲ್ಲಿ ಅಳೆಯಿರಿ. ಈ ಲೇತಿನಲ್ಲಿ ಆ ಸ್ಕ್ರೂ 10 ಟಿಪಿಐ, ಹಾಗಾಗಿ ಒಂದು ಸುತ್ತಿಗೆ 100 ಥೌ ಸರಿಯಬೇಕು, ಮೂಲದ ಡಯಲ್ಲಿನಲ್ಲಿ 100 ಗೆರೆ ಇರಬೇಕು. ನಿಮ್ಮದರಲ್ಲಿ 125 ಇವೆ. ಅಷ್ಟು ಗೆರೆ ಹಾಕುವುದು 8 ಟಿಪಿಐ ಸ್ಕ್ರೂಗೆ, ಅಲ್ಲಿ ಒಂದು ಸುತ್ತಿಗೆ 125 ಥೌ. ಅಂದರೆ ಡಯಲ್ಲು ಬೇರೆ ಯಾವುದೋ ಲೇತಿನದ್ದು. ಮೂಲದ್ದು ಮುರಿದಿರಬೇಕು, ಸಿಕ್ಕಿದ್ದನ್ನು ಹಾಕಿದ್ದಾರೆ. ಆಗ ಒಂದು ಗೆರೆ ಅಂದರೆ ಒಂದು ಥೌ ಅಲ್ಲ, 0.8 ಥೌ. 25 ಗೆರೆ ತಿರುಗಿಸಿದರೆ ಟೂಲ್ ಹೋಗುವುದು 20 ಥೌ. 50ಕ್ಕೆ 40. 75ಕ್ಕೆ 60. 125 ಗೆರೆಗೆ, ಅಂದರೆ ಪೂರ್ತಿ ಒಂದು ಸುತ್ತಿಗೆ, 100. ನಿಮ್ಮ ತಾತ ಗೋಡೆಯ ಮೇಲೆ ಬರೆದುಕೊಂಡಿದ್ದು ಅದೇ ಲೆಕ್ಕ. ಎಡಗಡೆಯದು ಡಯಲ್ ತೋರಿಸುವುದು, ಬಲಗಡೆಯದು ನಿಜವಾಗಿ ಆಗುವುದು. ಲೇತ್ ಓಡಿಸುವಾಗ ನಿಮಗೂ ಆ ಪಟ್ಟಿ ಬೇಕಾಗುತ್ತದೆ. ಶೆಡ್ಡಿಗೆ ಸುಣ್ಣ ಹೊಡೆಸುವ ಯೋಚನೆ ಇದ್ದರೆ ಆ ಗೋಡೆ ಬಿಟ್ಟು ಹೊಡೆಸಿ.

ಈಗ ನೀವು ಮಾಡಬೇಕಾದ ಕೆಲಸ ಒಂದಿದೆ. ಸೌತ್ ಬೆಂಡ್‌ನವರು ಸೀರಿಯಲ್ ನಂಬರನ್ನು ಬೆಡ್ಡಿನ ಮೇಲೆಯೇ ಹೊಡೆಯುತ್ತಿದ್ದರು. ಬಲಗಡೆ ತುದಿ, ಟೇಲ್‌ಸ್ಟಾಕ್ ಇರುವ ಕಡೆ, ಮುಂದಿನ ‘ವಿ’ಗೂ ಚಪ್ಪಟೆ ದಾರಿಗೂ ನಡುವೆ. ಲೇತಿನದೇ ಗೇರ್‌ಬಾಕ್ಸ್ (ಜೀಪಿನದಲ್ಲ) ಇದ್ದರೆ ಅದರ ಪ್ಲೇಟ್ ಮೇಲೆ ಇರುವುದು ಕ್ಯಾಟಲಾಗ್ ನಂಬರ್, ತುಂಬಾ ಜನ ಅದನ್ನೇ ಸೀರಿಯಲ್ ಅಂದುಕೊಂಡು ಕಳಿಸುತ್ತಾರೆ. ನಿಮ್ಮ ಲೇತಿನಲ್ಲಿ ಸರಿಯಾಗಿ ಅದೇ ಜಾಗದ ಮೇಲೆ ತಾತ ಟೂಲ್ ಇಡುವ ಅಲ್ಯೂಮಿನಿಯಂ ಟ್ರೇ ಕೂರಿಸಿದ್ದಾರೆ. ಎರಡೇ ಸ್ಕ್ರೂ. ಟೇಲ್‌ಸ್ಟಾಕನ್ನು ಎಡಕ್ಕೆ ತಳ್ಳಿ, ಟ್ರೇ ಬಿಚ್ಚಿ. ಉಳಿಯಿಂದಲೋ ವೈರ್ ಬ್ರಷ್‌ನಿಂದಲೋ ಕೆರೆಯಬೇಡಿ, ನಂಬರ್ ಹೋದರೆ ಹೋಯಿತು. ಸೀಮೆಎಣ್ಣೆಯಲ್ಲಿ ನೆನೆಸಿದ ಬಟ್ಟೆ ಒಂದು ರಾತ್ರಿ ಹಾಸಿಡಿ, ಬೆಳಗ್ಗೆ ಒರೆಸಿ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಬಿಟ್ಟು ಫೋಟೋ ತೆಗೆಯಿರಿ. ಯುಎನ್‌ಸಿ ಬೋಲ್ಟ್ ಹೋಯಿತೋ ಇಲ್ಲವೋ ಅಂತಲೂ ಬರೆಯಿರಿ. ಆ ನಂಬರ್ ಬಂದರೆ ವರ್ಷ ಹೇಳುತ್ತೇನೆ.